ನಿಮಗಿದು ಗೊತ್ತೆ? ಆಂಧ್ರಕ್ಕೂ ಮೊದಲು ಒಡಿಶಾ
ಭಾಷೆಯ ಆಧಾರದ ಮೇಲೆ ರೂಪುಗೊಂಡ ಮೊದಲ ರಾಜ್ಯ ಯಾವುದೆಂದರೆ ಬಹುತೇಕರು 1953ರ ಆಂಧ್ರವನ್ನು ಹೆಸರಿಸುತ್ತಾರೆ. ಆದರೆ ಅದಕ್ಕೂ 17 ವರ್ಷ ಮೊದಲೇ, 1936ರ ಏಪ್ರಿಲ್ 1ರಂದು, ಒಡಿಯಾ ಭಾಷಿಕರಿಗೆ ಪ್ರತ್ಯೇಕ ಪ್ರಾಂತ್ಯ ದಕ್ಕಿತ್ತು. ಏಕೀಕರಣಕ್ಕೆ ಮುಂಚಿನ ಕನ್ನಡಿಗರಂತೆಯೇ ಅವರೂ ಬಂಗಾಳ, ಮದ್ರಾಸ್, ಮಧ್ಯ ಪ್ರಾಂತ್ಯಗಳಲ್ಲಿ ಹಂಚಿಹೋಗಿದ್ದರು. ಸಂಬಲಪುರದಲ್ಲಂತೂ 1895ರಲ್ಲಿ ಹಿಂದಿಯನ್ನೇ ಕಚೇರಿ ಭಾಷೆಯಾಗಿ ಹೇರಲಾಯಿತು. ಜನ ಪ್ರತಿಭಟಿಸಿದ ಮೇಲೆ ಸರ್ಕಾರ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. 1903ರಲ್ಲಿ ಮಧುಸೂದನ ದಾಸ್ ಅವರ ಮುಂದಾಳತ್ವದಲ್ಲಿ ಹುಟ್ಟಿದ ಉತ್ಕಲ ಸಮ್ಮಿಲನಿ, ಮೂರು ದಶಕ ಕಳೆದರೂ ಒಡಿಯಾ ನಾಡು ಒಂದಾಗಬೇಕೆಂಬ ಪಟ್ಟು ಸಡಿಲಿಸಲಿಲ್ಲ. ಈ ಛಲ ನಿಜಕ್ಕೂ ಮೆಚ್ಚುವಂಥದ್ದು.

ಅದು ವಸಾಹತು ಪ್ರಾಂತ್ಯ, ಸ್ವತಂತ್ರ ಭಾರತದ ರಾಜ್ಯವಲ್ಲವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಮಾತು ಸರಿಯೇ. ಅಂದು ಸೇರಿದ್ದು ಆರೇ ಜಿಲ್ಲೆ. ಮಯೂರಭಂಜದಂಥ ಸಂಸ್ಥಾನಗಳು ವಿಲೀನವಾದದ್ದು 1948–49ರಲ್ಲಿ. ಸರಾಯಿಕೇಲಾ, ಖರಸಾವಾಂಗಳು ಕೊನೆಗೂ ಬಿಹಾರದ ಪಾಲಾದವು. ಆದರೂ ಮದ್ರಾಸಿನಿಂದ ಗಂಜಾಂ ಸೀಮೆಯನ್ನು ಬಿಡಿಸಿ ತಂದದ್ದು ಮುಖ್ಯವಾಗಿ ಭಾಷೆಯ ವಾದವೇ. ಅದೇ ದಿನ ಮುಂಬಯಿಯಿಂದ ಸಿಂಧ್ ಕೂಡ ಬೇರ್ಪಟ್ಟಿತು, ನಿಜ. ಅಲ್ಲಿ ಮಾತ್ರ ಧರ್ಮದ ಲೆಕ್ಕಾಚಾರವೂ ಬಲವಾಗಿ ಕೆಲಸ ಮಾಡಿತ್ತು.