ಒಂದೇ ಸಲ ಕೇಳೋದು, ಅಷ್ಟರಲ್ಲೇ ಬರೆಯೋದು!

ದಾವಣಗೆರೆ: ಬಸ್ ಸ್ಟ್ಯಾಂಡಿನಲ್ಲಿ ಮೈಕು ಕೂಗುವುದು ಒಂದು ಸಲ. ಕೇಳಿಸಿದವನು ಓಡಿಹೋಗಿ ಸೀಟು ಹಿಡಿಯುತ್ತಾನೆ. ಕೇಳಿಸದವನು ಪಕ್ಕದವರನ್ನು “ಏನಂದ್ರೀ?” ಅಂತ ಕೇಳುವಷ್ಟರಲ್ಲಿ ಬಸ್ಸು ಗೇಟು ದಾಟಿರುತ್ತದೆ. ಪಿ.ಬಿ. ರಸ್ತೆಯ ಮಹಡಿ ಮೇಲಿನ ಕೋಣೆಯೊಂದರಲ್ಲಿ ದಿನಾ ಸಂಜೆ ಇದೇ ಪಾಠ ನಡೆಯುತ್ತಿದೆ. ಇಲ್ಲಿ ಕಿವಿ ತಪ್ಪಿದರೆ ಕೈತಪ್ಪುವುದು ಬಸ್ಸಲ್ಲ, ವಿಮಾನ.

ಪರದೇಶದ ಹಲವು ಕಡೆ ಆಸ್ಪತ್ರೆಗಳಲ್ಲಿ ನರ್ಸ್ ಕೆಲಸ ಬೇಕೆಂದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಐಇಎಲ್‌ಟಿಎಸ್ ಅಂಥದ್ದೊಂದು ಪರೀಕ್ಷೆ. ಫೀಸು 15,000 ರೂಪಾಯಿಗೂ ಮೇಲೆ. ಅದರ ‘ಲಿಸನಿಂಗ್’ ಭಾಗದಲ್ಲಿ 40 ಪ್ರಶ್ನೆ, ಸುಮಾರು ಅರ್ಧ ಗಂಟೆ ಹೊತ್ತು. ಧ್ವನಿಮುದ್ರಣ ಹಾಕುವುದು ಒಂದೇ ಸಲ. ಇನ್ನೊಮ್ಮೆ ಹಾಕಿ ಎಂದರೆ ಹಾಕುವವರಿಲ್ಲ. ಕಾಗುಣಿತ ತಪ್ಪಿದರೂ ಮಾರ್ಕು ಹೋಯಿತು.

ಅಂದಿನ ಪಾಠ: ಭೂಮಿಯ ಜ್ವರ

ನಾವು ಹೋದ ಸಂಜೆ ಹದಿನಾಲ್ಕು ಮಂದಿ ಇದ್ದರು. ಹೆಚ್ಚಿನವರು ನರ್ಸಿಂಗ್ ಓದಿದ ಹುಡುಗಿಯರು. ಮಂಡಿಪೇಟೆಯ ಗುಮಾಸ್ತರೂ ಒಬ್ಬರಿದ್ದರು. ಪಾಠ ಹೇಳುವವರು ನಿವೃತ್ತ ಮೇಷ್ಟ್ರು. “ನೀವೂ ಕೂತ್ಕೊಳ್ರೀ, ಪೇಪರಿನವರು ಹೆಂಗೆ ಬರ್ಕೋತಾರೆ ನೋಡೋಣ” ಎಂದು ನನ್ನ ಕೈಗೂ ಒಂದು ಹಾಳೆ ಕೊಟ್ಟರು.

ಜಾಗತಿಕ ತಾಪಮಾನದ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ನಿಮಿಷ ಓದಿದರು. ಸಾರಾಂಶ ಇಷ್ಟು: ಕೀಲಿಂಗ್ ಎಂಬ ವಿಜ್ಞಾನಿ 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯ ಅಳತೆ ಶುರು ಮಾಡಿದರು. ಆಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಪಾಲು. ಈಗ 420 ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟದ್ದು ಇದಕ್ಕೆ ದೊಡ್ಡ ಕಾರಣ. ಈ ಅನಿಲ ಭೂಮಿಗೆ ಕಂಬಳಿ ಹೊದಿಸಿದ ಹಾಗೆ. ಬಂದ ಶಾಖವನ್ನು ಸಲೀಸಾಗಿ ಹೊರಗೆ ಬಿಡುವುದಿಲ್ಲ. 2015ರಲ್ಲಿ ಪ್ಯಾರಿಸ್‌ನಲ್ಲಿ ದೇಶಗಳು ಸೇರಿ, ಏರಿಕೆಯನ್ನು 2 ಡಿಗ್ರಿಗಿಂತ ಸಾಕಷ್ಟು ಕೆಳಗೇ ಹಿಡಿಯಬೇಕು, ಸಾಧ್ಯವಾದರೆ 1.5ಕ್ಕೆ ನಿಲ್ಲಿಸಲು ಪ್ರಯತ್ನಿಸಬೇಕು ಎಂದು ಒಪ್ಪಿಕೊಂಡವು. 2024ರಲ್ಲಿ ಏರಿಕೆ ಸುಮಾರು 1.55 ಡಿಗ್ರಿ ಮುಟ್ಟಿತೆಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಆದರೆ ಒಂದು ವರ್ಷ ದಾಟಿದ ಮಾತ್ರಕ್ಕೆ ಒಪ್ಪಂದದ ಗಡಿ ಮುರಿದಂತಲ್ಲ. ಅದು ಹಲವು ವರ್ಷಗಳ ಸರಾಸರಿಯ ಲೆಕ್ಕ.

“ಯಾವುದಕ್ಕಿಂತ ಅಮ್ಮಾ?”

ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿಯ ಹಾಳೆ ಮೊದಲು ನೋಡಿದರು. ಮೊದಲ ವಾಕ್ಯ ಮುತ್ತಿನಂಥ ಅಕ್ಷರದಲ್ಲಿ ಪೂರ್ತಿ ಇತ್ತು. ಆಮೇಲೆ ಬರೀ ಬಿಳಿ ಹಾಳೆ. “ಅದನ್ನ ಬರ್ದು ಮುಗಿಸೋದ್ರಲ್ಲಿ ಮೂರು ವಾಕ್ಯ ಹೋಗ್ಬಿಟ್ವು ಸರ್” ಎಂದಳು. ಎರಡು ಸಲ ಪರೀಕ್ಷೆ ಕಟ್ಟಿದ್ದಾಳಂತೆ. ಎರಡನೇ ಫೀಸಿಗೆ ತಾಯಿಯ ಬಳೆ ಅಡ ಇಟ್ಟಿದ್ದಾರೆ.

ಇನ್ನೊಬ್ಬಳು “1.55 ಡಿಗ್ರಿ ಜಾಸ್ತಿ” ಎಂದು ಬರೆದಿದ್ದಳು. “ಯಾವುದಕ್ಕಿಂತ ಅಮ್ಮಾ?” ಎಂದರು ಮೇಷ್ಟ್ರು. “ಹೋದ ವರ್ಷಕ್ಕಿಂತ ಸರ್.” ಕೋಣೆ ತುಂಬ ನಗು. 1850ರಿಂದ 1900ರವರೆಗಿನ ಸರಾಸರಿಗಿಂತ ಎಂಬ ಮಾತು ಓದಿದ್ದರಲ್ಲೇ ಇತ್ತು. ನಕ್ಕವರಲ್ಲೂ ಅದನ್ನು ಬರೆದುಕೊಂಡಿದ್ದವರು ಇಬ್ಬರೇ.

ಎಲ್ಲರಿಗಿಂತ ಚೊಕ್ಕಟವಾಗಿ ಬರೆದವರು ಮಂಡಿಪೇಟೆ ಗುಮಾಸ್ತರು. 58, 315, ಈಗ 420, ಪಕ್ಕದಲ್ಲಿ ಮೇಲಕ್ಕೊಂದು ಬಾಣ. ಅಷ್ಟೇ! “ಇಂಗ್ಲೀಷು ಅಷ್ಟಕ್ಕಷ್ಟೇ ಸಾರ್, ಲೆಕ್ಕ ಬರ್ತೈತೆ. ಫೋನಿನಾಗೆ ಆರ್ಡರ್ ಹೇಳೋರು ಎರಡು ಸಲ ಹೇಳ್ತಾರಾ?” ಎಂದರು. ನಿಜ. ಅಕ್ಕಿ ಎಷ್ಟು ಚೀಲ, ಯಾವ ತೂಕ, ಯಾವ ರೇಟು, ಯಾರ ಲಾರಿ, ಇಷ್ಟೇ ಬರೆದು ಮಿಕ್ಕ ಯೋಗಕ್ಷೇಮವನ್ನೆಲ್ಲ ಕಿವಿಯಲ್ಲೇ ಬಿಡುವ ವಿದ್ಯೆ ನಮ್ಮ ಅಂಗಡಿಯವರಿಗೆ ಮೊದಲೇ ಸಿದ್ಧಿಸಿದೆ. ಆದರೆ ಕೊನೆಯ ‘ಆದರೆ’ ಅವರಿಗೂ ತಪ್ಪಿಹೋಗಿತ್ತು.

ಇನ್ನು ಈ ವರದಿಗಾರನ ಹಾಳೆ? “ಭೂಮಿ ಗಡಿ ದಾಟಿತು!” ಎಂದು ದೊಡ್ಡದಾಗಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, “ಇದು ನಾಳೆ ನಿಮ್ಮ ಪೇಪರಿನಾಗೆ ಬಂದಿದ್ರೆ?” ಎಂದರು. ಉತ್ತರ ಕೊಡಲಿಲ್ಲ. ಬಂದೇ ಬರುತ್ತಿತ್ತು.

ಉಕ್ತಲೇಖನ ಬೇರೆ, ನೋಟ್ಸ್ ಬೇರೆ

ಮೇಷ್ಟ್ರು ಹೇಳುವ ದಾರಿ ಸುಲಭದ್ದು. ಹಾಳೆಯ ಎಡಗಡೆ ಸಣ್ಣ ಅಂಚು ಬಿಡಿ. ಬಲಗಡೆ ಕೇಳಿದ್ದರ ತಿರುಳು, ತುಂಡು ಮಾತಿನಲ್ಲಿ. ಮುಗಿದ ಮೇಲೆ ಎಡಗಡೆ ಅಂಚಿಗೆ ಮುಖ್ಯ ಪದ, ಪ್ರಶ್ನೆ. ಕೆಳಗೆ ಎರಡು ಸಾಲಿನ ಸಾರ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಎಂಬುವರು 1950ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ಅಂಕಿ ಬಂದರೆ ಮೂರು ಕೇಳಿಕೊಳ್ಳಿ: ಯಾವುದರದ್ದು, ಯಾವ ವರ್ಷದ್ದು, ಯಾವುದಕ್ಕೆ ಹೋಲಿಸಿದ್ದು. ‘ಆದರೆ’ ಕೇಳಿಸಿದ ತಕ್ಷಣ ಪೆನ್ನು ನೆಟ್ಟಗಾಗಬೇಕು, ಮಾತು ತಿರುಗುವುದೇ ಅಲ್ಲಿ. ಅಂಕಿ, ಹೋಲಿಕೆ, ಕಾರಣ, ‘ಆದರೆ’ ನಾಲ್ಕೂ ಒಟ್ಟಿಗೆ ಸಿಗುತ್ತವೆ ಅಂತಲೇ ಅವರು ಭೂಮಿ ಬಿಸಿಯಾದ ಪಾಠ ಆರಿಸಿಕೊಂಡದ್ದು.

ಇದನ್ನು ಮಹಡಿ ಹತ್ತಿ, ದುಡ್ಡು ಕೊಟ್ಟು ಕಲಿಯಬೇಕೇ ಎಂಬುದು ನಮ್ಮ ಪ್ರಶ್ನೆ. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಪಿಯುಸಿ ಸೈನ್ಸಿಗೆ ಸೇರಿದ ಹುಡುಗನ ಎದುರು ಇಂಗ್ಲಿಷ್ ಲೆಕ್ಚರು ಎಕ್ಸ್‌ಪ್ರೆಸ್ ಬಸ್ಸಿನಂತೆ ಹೋಗುತ್ತದೆ. ಕಿವಿಗೆ ಬಿದ್ದ ಶಬ್ದವನ್ನು ಕನ್ನಡ ಅಕ್ಷರದಲ್ಲಿ ಗೀಚಿಕೊಂಡು, ರಾತ್ರಿ ಮನೆಯಲ್ಲಿ ಅದೇನೆಂದು ತಿಳಿಯದೆ ಕೂತ ಹುಡುಗರಲ್ಲಿ ನಾನೂ ಒಬ್ಬ. ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟೆ. ತಲೆ ಮಂದ ಅಂದುಕೊಂಡಿದ್ದೆ. ಕೇಳಿ ಬರೆದುಕೊಳ್ಳುವುದನ್ನು ಯಾರೂ ಕಲಿಸಿರಲಿಲ್ಲ, ಅಷ್ಟೇ.

ಖರ್ಚಿಲ್ಲದ ದಾರಿಯೂ ಇದೆ. ಮನೆಯಲ್ಲಿ ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿ ಹತ್ತು ಸಾಲು ಬರೆದುಕೊಳ್ಳಿ, ಮಾರನೇ ದಿನ ಪೇಪರಿನ ಜೊತೆ ತಾಳೆ ನೋಡಿ. ಮೊದಲು ಕನ್ನಡದಲ್ಲಿ ಕೈ ಕುದುರಲಿ, ಇಂಗ್ಲಿಷು ಆಮೇಲೆ ಎನ್ನುತ್ತಾರೆ ಮೇಷ್ಟ್ರು.

ಹೊರಡುವ ಮುಂಚೆ ಇನ್ನೊಂದು ಪಾಠ ಓದಿದರು. ಹರಿಹರದ ಹುಡುಗಿಯ ಹಾಳೆಯಲ್ಲಿ ಈ ಸಲ ಒಂದೂ ಪೂರ್ತಿ ವಾಕ್ಯವಿರಲಿಲ್ಲ. ಅಂಕಿ ಆರು, ನಡುವೆ ‘ಆದರೆ’ಗೆ ಒಂದು ದುಂಡು ಗೆರೆ. ಮೇಷ್ಟ್ರು ಹತ್ತಕ್ಕೆ ಎಂಟು ಕೊಟ್ಟರು. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ಓಡಿದಳು.

ನಮ್ಮ ಜಿಲ್ಲೆಯ ಪಿಯು ಕಾಲೇಜುಗಳ ಪ್ರಿನ್ಸಿಪಾಲರು ಇದನ್ನು ಓದುತ್ತಿದ್ದರೆ ಒಂದು ಅರಿಕೆ: ಜೂನ್ ತಿಂಗಳಲ್ಲಿ ವಾರಕ್ಕೆ ಅರ್ಧ ಗಂಟೆ, ಹೊಸದಾಗಿ ಸೇರಿದ ಮಕ್ಕಳಿಗೆ ಈ ಪಾಠ ಮಾಡಿಸಿ. ಬೇಕಾಗುವುದು ಒಂದು ಹಾಳೆ, ಒಂದು ಪೆನ್ನು, ನಿಧಾನವಾಗಿ ಓದುವ ಒಬ್ಬ ಮೇಷ್ಟ್ರು.