ಹತ್ತು ಜನ, ನಲವತ್ತು ಅಳತೆ

ಒಬ್ಬರನ್ನೇ ಮತ್ತೆ ಮತ್ತೆ ಅಳೆದು ಪಡೆದ ಅಂಕಿಗಳಿಗೆ ಸಂಖ್ಯಾಶಾಸ್ತ್ರದಲ್ಲಿ ಪುನರಾವರ್ತಿತ ಅಳತೆಗಳೆಂದು ಹೆಸರು. ಘಾಟ್ಕೋಪರಿನ ರಾಜಾವಾಡಿಯಂಥ ಪಾಲಿಕೆ ಆಸ್ಪತ್ರೆಯಲ್ಲಿ ಹತ್ತು ರೋಗಿಗಳ ಬಿಪಿಯನ್ನು ತಿಂಗಳಿಗೊಮ್ಮೆಯಂತೆ ನಾಲ್ಕು ಸಲ ನೋಡಿದರೆಂದು ಇಟ್ಟುಕೊಂಡರೆ, ವಹಿಯಲ್ಲಿ ನಲವತ್ತು ಅಂಕಿಗಳಾಗುತ್ತವೆ. ಜನ ಮಾತ್ರ ಹತ್ತೇ. ಈ ತಿಂಗಳು ಬಿಪಿ ಏರಿದ್ದವರಿಗೆ ಮುಂದಿನ ತಿಂಗಳೂ ಏರಿರುವುದೇ ಹೆಚ್ಚು. ಹಾಗಾಗಿ ಎರಡನೆಯ ಅಳತೆಯಲ್ಲಿ ಮೊದಲನೆಯದರ ಪಾಲೂ ಇರುತ್ತದೆ. ನಲವತ್ತನ್ನೂ ನಲವತ್ತು ಜನರೆಂದು ಎಣಿಸಿದರೆ ಎರಡು ಗುಂಪುಗಳ ಹೋಲಿಕೆಯಲ್ಲಿ ಇಲ್ಲದ ಖಚಿತತೆ ಕಾಣಿಸಿಕೊಳ್ಳುತ್ತದೆ. ಒಬ್ಬರಲ್ಲೇ ಆದ ಬದಲಾವಣೆಯನ್ನು ಹುಡುಕುವಾಗ ಇದೇ ತಪ್ಪು ಇರುವ ಬದಲಾವಣೆಯನ್ನೂ ಮರೆಮಾಡಬಹುದು.

ಎರಡೇ ಅಳತೆಗಳಿದ್ದಾಗ ಪರಿಹಾರ ಸರಳ. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿನಲ್ಲಿ ಬರೆದ ಲೇಖನದಲ್ಲಿ, ಎರಡು ನಿದ್ರೆ ಔಷಧಿಗಳನ್ನು ಪಡೆದ ಹತ್ತು ರೋಗಿಗಳ ಅಂಕಿಗಳಿದ್ದವು. ಒಬ್ಬೊಬ್ಬರ ಎರಡು ಅಂಕಿಗಳನ್ನು ಕಳೆದಾಗ ಸಹಜವಾಗಿ ಹೆಚ್ಚು ನಿದ್ದೆ ಮಾಡುವವರು, ಕಡಿಮೆ ಮಾಡುವವರು ಎಂಬ ಭೇದ ಅಳಿಸಿಹೋಗಿ ಹತ್ತು ವ್ಯತ್ಯಾಸಗಳಷ್ಟೇ ಉಳಿದವು. ಅವುಗಳ ಸರಾಸರಿ 1.58 ಗಂಟೆ. ಇಂದಿನ ಜೋಡಿ ಟಿ-ಪರೀಕ್ಷೆಯ ಮೂಲ ಇದು.

ಅಳತೆ ನಾಲ್ಕಾದ ಕೂಡಲೇ ತೊಡಕು ಬೆಳೆಯುತ್ತದೆ. ನಾಲ್ಕು ಭೇಟಿಗಳ ಏರಿಳಿತಕ್ಕೆ ನಾಲ್ಕು ಸಂಖ್ಯೆ, ಭೇಟಿಗಳ ನಡುವಿನ ನಂಟಿಗೆ ಆರು: ಹೀಗೆ ಹತ್ತು ಸಂಖ್ಯೆಗಳನ್ನು ಹತ್ತೇ ಜನರಿಂದ ಊಹಿಸಬೇಕು. ಭೇಟಿಗಳ ಸರಾಸರಿಗಳನ್ನು ಹೋಲಿಸುವ ಹಳೆಯ ಎಫ್-ಪರೀಕ್ಷೆ, ಯಾವ ಎರಡು ಭೇಟಿಗಳ ವ್ಯತ್ಯಾಸವನ್ನು ತೆಗೆದುಕೊಂಡರೂ ಅದರ ಚದುರಿಕೆ ಒಂದೇ ಎಂದು ನಂಬಿ ಈ ಕಷ್ಟವನ್ನು ದಾಟುತ್ತದೆ. ಆದರೆ ಹತ್ತಿರದ ಎರಡು ತಿಂಗಳ ಅಂಕಿಗಳು ದೂರದವುಗಳಿಗಿಂತ ಹೆಚ್ಚು ಹೋಲುವುದು ಸಾಮಾನ್ಯವಾದ್ದರಿಂದ ಆ ನಂಬಿಕೆ ಬಹಳ ಸಲ ನಿಲ್ಲುವುದಿಲ್ಲ. ಗ್ರೀನ್‌ಹೌಸ್ ಮತ್ತು ಗೈಸರ್ 1959ರಲ್ಲಿ ಇದಕ್ಕೆ ತಿದ್ದುಪಡಿ ಸೂಚಿಸಿದರು. ನಮ್ಮ ಉದಾಹರಣೆಯಲ್ಲಿ ಶೇ. 5ರ ಮಟ್ಟದಲ್ಲಿ 'ಬದಲಾವಣೆ ಇದೆ' ಎನ್ನಲು ಎಫ್ ಬೆಲೆ 2.96 ದಾಟಿದರೆ ಸಾಕಿತ್ತು. ತಿದ್ದುಪಡಿಯ ಅತಿ ಕಠಿಣ ರೂಪದಲ್ಲಿ 5.12 ದಾಟಬೇಕು.

ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಬೆಳವಣಿಗೆಯ ರೇಖೆಗಳ ಬಗ್ಗೆ 1958ರಲ್ಲಿ ಪ್ರಕಟಿಸಿದ ಲೇಖನದ ದಾರಿ ಇನ್ನೂ ನೇರವಾದದ್ದು. ಕಾಲದ ಅಳತೆಗೋಲನ್ನೇ ಹೊಂದಿಸಿಕೊಂಡು ಒಂದೊಂದು ಜೀವಿಯ ಇಡೀ ಬೆಳವಣಿಗೆಯನ್ನು ಒಂದೇ ವೇಗವಾಗಿ ಸಂಗ್ರಹಿಸಿ, ಆಮೇಲೆ ಆ ವೇಗಗಳನ್ನು ಹೋಲಿಸುವುದು ಅದರ ತಿರುಳು. ರೋಗಿಗೊಂದು ಇಳಿಕೆಯ ದರವೆಂದರೆ ಹತ್ತು ಜನರಿಗೆ ಹತ್ತೇ ಸಂಖ್ಯೆ. ಕಂಪ್ಯೂಟರ್ ಎಷ್ಟೇ ಮುಂದುವರಿದಿರಲಿ, ಸಣ್ಣ ಅಧ್ಯಯನಗಳಿಗೆ ಇಷ್ಟು ಸ್ಪಷ್ಟವಾದ ವಿಧಾನ ಅಪರೂಪ.

ರೋಗಿಯೊಬ್ಬರು ಮೂರನೆಯ ತಿಂಗಳು ಬಾರದೇ ಹೋದರೆ ಹಳೆಯ ಎಫ್-ಪರೀಕ್ಷೆ ಅವರ ಉಳಿದ ಅಂಕಿಗಳನ್ನೂ ಕೈಬಿಡುತ್ತದೆ. ಹತ್ತರಲ್ಲಿ ಒಬ್ಬರನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ. 1982ರಲ್ಲಿ ಲೇರ್ಡ್ ಮತ್ತು ವೇರ್ ವಿವರಿಸಿದ, ಇಡೀ ಗುಂಪಿನ ಪ್ರವೃತ್ತಿಯನ್ನೂ ಒಬ್ಬೊಬ್ಬರ ಭಿನ್ನತೆಯನ್ನೂ ಒಟ್ಟಿಗೆ ಹಿಡಿಯುವ ಮಿಶ್ರ ಮಾದರಿ ಸಿಕ್ಕಷ್ಟು ಅಂಕಿಗಳನ್ನೂ ಬಳಸಿಕೊಳ್ಳುತ್ತದೆ. ಅದರ ಸೂತ್ರಗಳು ಜನ ಹೆಚ್ಚಿರುವಾಗ ಸರಿಹೋಗುವಂಥವು. ಸಣ್ಣ ಗುಂಪಿನಲ್ಲಿ ದೋಷದ ಅಂದಾಜನ್ನು ಕಡಿಮೆ ತೋರಿಸುತ್ತವೆ. ಕೆನ್‌ವರ್ಡ್ ಮತ್ತು ರೋಜರ್ 1997ರಲ್ಲಿ ಕೊಟ್ಟ ತಿದ್ದುಪಡಿ ಈ ಕೊರತೆಗಾಗಿಯೇ ಹುಟ್ಟಿದ್ದು, ಸಣ್ಣ ಗುಂಪಿನಲ್ಲಿ ಅದನ್ನು ಬಿಡುವಂತಿಲ್ಲ.

ಮಾದರಿಗಳ ಮೇಲೆ ಭರವಸೆಯಿಲ್ಲದಿದ್ದರೆ ಅದಲುಬದಲಿನ ಪರೀಕ್ಷೆ ಇದೆ. ನಮ್ಮ ರೋಗಿಗಳಿಗೆ ಬಿಪಿಯ ಔಷಧಿ ಕೊಟ್ಟಿದ್ದು, ಅದರಿಂದ ಏನೂ ಆಗಿಲ್ಲವೆಂದಾದರೆ ಪ್ರತಿಯೊಬ್ಬರ ವ್ಯತ್ಯಾಸ ಏರಿಕೆಯೂ ಆಗಬಹುದಿತ್ತು, ಇಳಿಕೆಯೂ ಆಗಬಹುದಿತ್ತು. ಹತ್ತು ಜನರಿಗೆ ಇಂಥ ಸಾಧ್ಯತೆಗಳು 1,024. ಅವುಗಳ ನಡುವೆ ಕಂಡ ಫಲಿತಾಂಶ ಎಷ್ಟು ವಿರಳವೆಂದು ಎಣಿಸಿ ನೋಡಬಹುದು. ಐವರಾದರೆ ಸಾಧ್ಯತೆಗಳು 32 ಮಾತ್ರ. ಐವರ ಬಿಪಿಯೂ ಇಳಿದಿದ್ದರೂ, ಏರಿಕೆ ಇಳಿಕೆ ಎರಡನ್ನೂ ಲೆಕ್ಕಕ್ಕೆ ಹಿಡಿದಾಗ ಆಕಸ್ಮಿಕದ ಸಂಭವ 32ರಲ್ಲಿ 2, ಅಂದರೆ ಶೇ. 6.25. ಅವರನ್ನೇ ಐವತ್ತು ಸಲ ಅಳೆದರೂ ಅದು ಶೇ. 5ರ ಗೆರೆಯ ಕೆಳಗೆ ಬರುವುದಿಲ್ಲ. ಆರನೆಯ ರೋಗಿ ಸೇರಿದರೆ ಶೇ. 3.1ರವರೆಗೆ ಇಳಿಯಬಲ್ಲದು.