ನೋವು ಬರುವ ಮೊದಲೇ ಹೊರಡಬೇಕು

ಮಗು ಹುಟ್ಟಿದ ಮೇಲೆ ತಾಯಿಯ ಗರ್ಭಕೋಶ ಬಿಗಿಯಾಗಿ ಸಂಕುಚಿಸಬೇಕು. ಆಗ ಮಾಸು ಕಳಚಿದ ಜಾಗದ ರಕ್ತನಾಳಗಳು ಸ್ನಾಯುಗಳ ನಡುವೆ ಅದುಮಿ ಮುಚ್ಚಿಕೊಳ್ಳುತ್ತವೆ. ಗರ್ಭಕೋಶ ಸಡಿಲವಾಗಿಯೇ ಉಳಿದರೆ ರಕ್ತಸ್ರಾವ ನಿಲ್ಲದು. ಚಿಕಿತ್ಸೆ ಸಿಗದಿದ್ದರೆ ಸುಮಾರು ಎರಡು ಗಂಟೆಗಳಲ್ಲೇ ತಾಯಿ ಸಾಯಬಹುದು. ಆಸ್ಪತ್ರೆ ಆರು ಗಂಟೆಗಳಷ್ಟು ದೂರದಲ್ಲಿದ್ದರೆ?

ಮಂಗೋಲಿಯದ ಪಶುಪಾಲಕರನ್ನು ಕಾಡುವ ಪ್ರಶ್ನೆ ಇದು. ಆ ದೇಶ ಕರ್ನಾಟಕದ ಎಂಟು ಪಟ್ಟು ದೊಡ್ಡದು. ಜನಸಂಖ್ಯೆ ಮಾತ್ರ ಸುಮಾರು 35 ಲಕ್ಷ. ಅದರಲ್ಲೂ ಹೆಚ್ಚುಕಡಿಮೆ ಅರ್ಧ ಜನ ರಾಜಧಾನಿ ಉಲಾನ್‌ಬಾತರ್‌ನಲ್ಲಿದ್ದಾರೆ. ಪಶುಪಾಲಕರು ‘ಗೆರ್’ ಎಂಬ ಉಣ್ಣೆಯ ಗುಡಾರ ಹೂಡಿ, ಕುರಿ, ಆಡು, ಕುದುರೆಗಳೊಡನೆ ಹುಲ್ಲು ಅರಸಿ ಅಲೆಯುತ್ತಾರೆ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದುಂಟು.

ತಾಯಂದಿರ ಸಾವಿಗೆ ಮೂರು ಬಗೆಯ ವಿಳಂಬಗಳು ಕಾರಣವೆಂದು ಸೆರೀನ್ ಥಡ್ಡಿಯಸ್ ಮತ್ತು ಡೆಬೊರಾ ಮೈನ್ 1994ರಲ್ಲಿ ವಿವರಿಸಿದರು. ಮೊದಲನೆಯದು, ಆಸ್ಪತ್ರೆಗೆ ಹೋಗಬೇಕೆಂದು ನಿರ್ಧರಿಸುವಲ್ಲಿ ಆಗುವ ವಿಳಂಬ. ಕುರಿಗಳು ಮರಿ ಹಾಕುವ ವಸಂತಕಾಲದಲ್ಲೇ ಹೆಂಗಸಿಗೂ ದಿನ ತುಂಬಿದರೆ, ಮಂದೆ ಬಿಟ್ಟು ಹೊರಡುವುದು ಸುಲಭವಲ್ಲ. ಎರಡನೆಯದು ದಾರಿಯ ವಿಳಂಬ. ಮೂರನೆಯದು, ತಲುಪಿದ ಮೇಲೂ ಚಿಕಿತ್ಸೆ ಸಿಗುವಲ್ಲಿ ಆಗುವ ವಿಳಂಬ. ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿಯಲ್ಲಿ ಕಾಪಾಡಬೇಕು. ವಿದ್ಯುತ್ತೂ ಶೀತಕಪೆಟ್ಟಿಗೆಯೂ ಇಲ್ಲದೆಡೆ ಅದು ಸತ್ವ ಕಳೆದುಕೊಳ್ಳುತ್ತದೆ.

ಅಪಾಯವಿರುವವರನ್ನಷ್ಟೇ ಮೊದಲೇ ಗುರುತಿಸಿ ಕರೆತರಬಹುದಲ್ಲವೇ ಎಂದು ನೀವು ಕೇಳಬಹುದು. ತೊಂದರೆಯೆಂದರೆ, ಯಾವ ಮುನ್ಸೂಚನೆಯೂ ಇಲ್ಲದ ಆರೋಗ್ಯವಂತ ತಾಯಿಯಲ್ಲೂ ಇಂಥ ರಕ್ತಸ್ರಾವ ಕಾಣಿಸಿಕೊಳ್ಳಬಹುದು. ಆದ್ದರಿಂದ ಮಂಗೋಲಿಯ ಕಂಡುಕೊಂಡ ಉಪಾಯ, ಆಸ್ಪತ್ರೆಯ ಪಕ್ಕದಲ್ಲೇ ಕಾಯುವ ಮನೆ. ಗರ್ಭಿಣಿ ದಿನ ತುಂಬುವ ಮೊದಲೇ ಬಂದು ಅಲ್ಲಿ ತಂಗುತ್ತಾಳೆ. ಹೀಗೆ ದಾರಿಯ ವಿಳಂಬವನ್ನು ನೋವು ಬರುವ ಮುಂಚೆಯೇ ಕಳೆದಂತಾಗುತ್ತದೆ.

1990ರ ದಶಕದ ಆರಂಭದಲ್ಲಿ ಸೋವಿಯತ್ ನೆರವು ನಿಂತು, ಇಂತಹ ಅನೇಕ ಮನೆಗಳು ಮುಚ್ಚಿದವು. ಪಶುಪಾಲನೆಯ ಸಾಮೂಹಿಕ ಸಂಘಗಳೂ ಒಡೆದು, ಮಂದೆ ನೋಡಿಕೊಳ್ಳುವ ಹೊಣೆ ಪ್ರತಿ ಕುಟುಂಬದ ಮೇಲೆ ಬಿತ್ತು. ತಾಯಂದಿರ ಸಾವು ಏರಿತು. ಮನೆಗಳನ್ನು ಮತ್ತೆ ತೆರೆಯಬೇಕಾಯಿತು. ಅಲ್ಲಿಯ ನೆಲದ ದೂರ ಹೆಚ್ಚಿರಲಿಲ್ಲ, ಚಳಿಯೂ ಹೊಸದಲ್ಲ. ಬದಲಾದದ್ದು ಹೆಂಗಸು ಮನೆ ಬಿಟ್ಟು ಹೊರಡಲು ಇದ್ದ ಆಸರೆ.

ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾಹಿ ಕುಟುಂಬಗಳೂ ಮಂದೆಯೊಡನೆ ತಿಂಗಳುಗಟ್ಟಲೆ ಊರೂರು ಅಲೆಯುತ್ತವೆ. ನಿಮ್ಮೂರ ಹೊಲದಲ್ಲಿ ಕುರಿ ತರುಬಿದವರನ್ನು ಕಂಡರೆ ವಿದ್ಯಾರ್ಥಿಗಳೊಡನೆ ಮಾತನಾಡಿಸಿ. ಹತ್ತಿರದ ಹೆರಿಗೆ ಆಸ್ಪತ್ರೆ ಎಲ್ಲಿದೆಯೆಂದು ಅವರಿಗೆ ಗೊತ್ತೇ? ರಾತ್ರಿ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಬೇಕು? ಆಕೆ ಹೋದರೆ ಮಂದೆ ಕಾಯುವವರು ಯಾರು? ಉತ್ತರಗಳನ್ನು ಮೂರು ವಿಳಂಬಗಳ ಕೆಳಗೆ ಬರೆದು, ಆ ಎರಡು ಗಂಟೆಯೊಡನೆ ಹೋಲಿಸಿ ನೋಡಿ.